ಕೊನೆಯ ಗುಂಡಿ ನಿನ್ನದು

ಮಕ್ಕಳೇ, ನಿಮ್ಮ ಮನೆಯಲ್ಲಿ ಮೂರು-ನಾಲ್ಕು ವರ್ಷದ ತಮ್ಮನೋ ತಂಗಿಯೋ ಇದ್ದರೆ ಬೆಳಗಿನ ಹೊತ್ತು ಗಮನಿಸಿ. ಅಂಗಿಯ ಗುಂಡಿ ಹಾಕುವವರು ಯಾರು? ಕೈ ತೊಳೆಸುವವರು ಯಾರು? ಬಹಳ ಮನೆಗಳಲ್ಲಿ ದೊಡ್ಡವರೇ. ಏಕೆ ಎಂದು ಕೇಳಿದರೆ ‘ಹೊತ್ತಾಯಿತು, ಅವನು ಮಾಡಿದರೆ ಮಧ್ಯಾಹ್ನವಾಗುತ್ತದೆ’ ಎನ್ನುತ್ತಾರೆ.

ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ನಮ್ಮೂರು ಚಿಕ್ಕಬಳ್ಳಾಪುರದ ಹತ್ತಿರ. ಅಂಗಳದಲ್ಲಿ ನಿಂತರೆ ಸ್ಕಂದಗಿರಿ ಕಾಣುತ್ತದೆ. ಈ ಬೆಟ್ಟದ ಮೇಲೆ ಸೂರ್ಯೋದಯ ನೋಡಲು ದೂರದಿಂದ ಜನ ಬರುತ್ತಾರೆ. ಆ ಹೊತ್ತಿಗೆ ನಮ್ಮ ಅಪ್ಪ-ಅಮ್ಮ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರು. ನಮ್ಮದು ರೇಷ್ಮೆ ಬೆಳೆಯುವ ಮನೆ. ಗೂಡು ಹೋಗುತ್ತಿದ್ದುದು ಶಿಡ್ಲಘಟ್ಟದ ಮಾರುಕಟ್ಟೆಗೆ.

ರೇಷ್ಮೆ ಹುಳು ಮೊಟ್ಟೆಯಿಂದ ಹೊರಬಂದು ಗೂಡು ಕಟ್ಟುವ ಹಂತ ತಲುಪಲು ಸುಮಾರು 25 ದಿನ ಬೇಕು. ಅಷ್ಟರಲ್ಲಿ ಅದು 4 ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ, ಸೊಪ್ಪು ತಿನ್ನುವುದಿಲ್ಲ. ಇದನ್ನು ರೈತರು ‘ಹುಳು ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿಗೆ ವಿಪರೀತ ಹಸಿವು. ತನ್ನ ಜೀವಮಾನದ ಸೊಪ್ಪಿನಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ಅದು ತಿನ್ನುವುದು ಈ ಕೊನೆಯ ಹಂತದಲ್ಲಿ! ಆಗ ಮನೆಯಲ್ಲಿ ಯಾರಿಗೂ ಬಿಡುವಿರುತ್ತಿರಲಿಲ್ಲ.

ನನ್ನ ತಮ್ಮನಿಗೆ ಆಗ ನಾಲ್ಕು ವರ್ಷ. ಅವನ ಗುಂಡಿ ಹಾಕುವ ಕೆಲಸ ಅಜ್ಜಿಯದು. ಅಂಗನವಾಡಿಯಲ್ಲಿ ಗುಂಡಿ ಬಿಚ್ಚಿಕೊಂಡರೆ ಅವನಿಗೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಜೊತೆಯ ಮಕ್ಕಳು ನಗುತ್ತಿದ್ದರು. ಕೊನೆಗೆ ‘ನಾನು ಹೋಗಲ್ಲ’ ಎಂದು ಬಾಗಿಲ ಹಿಂದೆ ಅವಿತುಕೊಳ್ಳತೊಡಗಿದ.

ಅಮ್ಮ ಪಾಠ ಶುರು ಮಾಡಿದ್ದು ಹುಳು ಮೂರನೆಯ ಜ್ವರಕ್ಕೆ ಕೂತ ದಿನ. ಅಂದು ಸೊಪ್ಪು ಹಾಕುವ ಕೆಲಸವಿರಲಿಲ್ಲ. ತಮ್ಮನನ್ನು ಎದುರಿಗೆ ಕೂರಿಸಿಕೊಳ್ಳದೆ ತನ್ನ ತೊಡೆಯ ಮೇಲೆ, ಬೆನ್ನು ತನ್ನ ಕಡೆ ಬರುವಂತೆ ಕೂರಿಸಿಕೊಂಡಳು. ಎದುರಿಗೆ ಕೂತರೆ ಮಗುವಿಗೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಎಡಬಲ ಆಗುತ್ತದೆ. ಹೀಗೆ ಕೂತರೆ ಅಮ್ಮನ ಬಲಗೈ ಇರುವ ಕಡೆಯೇ ಮಗುವಿನ ಬಲಗೈ!

ಕತ್ತಿನ ಹತ್ತಿರದ ಗುಂಡಿ ಕಣ್ಣಿಗೆ ಕಾಣದು. ಆದ್ದರಿಂದ ಅಮ್ಮ ಕೆಳಗಿನ ಗುಂಡಿಯನ್ನು ಆರಿಸಿಕೊಂಡಳು. ಅದನ್ನು ಕಾಜದಲ್ಲಿ ಅರ್ಧ ತೂರಿಸಿ, “ಇನ್ನರ್ಧ ನೀನು ಎಳ್ಕೋ ಕಂದ” ಎಂದಳು. ತಮ್ಮ ಎಳೆದ. ಗುಂಡಿ ಹೊರಬಂತು. ಅವನ ಮುಖ ಅರಳಿತು. ಸ್ವಲ್ಪ ಅಭ್ಯಾಸವಾದ ಮೇಲೆ ತೂರಿಸುವ ಕೆಲಸವನ್ನೂ ಅವನಿಗೇ ಬಿಟ್ಟಳು. ಅವನ ಬೆರಳು ತಡವರಿಸಿದಾಗ ಅಜ್ಜಿ ಕೈ ಚಾಚಿದರು. ಅಮ್ಮ ನಕ್ಕು, “ಜ್ವರಕ್ಕೆ ಕೂತ ಹುಳಾನ ಮುಟ್ತೀವಾ ಅತ್ತೆ? ಬಿಡಿ, ಅವನೇ ಹಾಕ್ಕೊಳ್ಳಲಿ” ಎಂದಳು. ಗೂಡು ಬಿಡಿಸುವ ಹೊತ್ತಿಗೆ ಐದೂ ಗುಂಡಿ ಅವನದೇ ಆಗಿದ್ದವು. ಬಾಗಿಲ ಹಿಂದೆ ಅವಿತುಕೊಳ್ಳುವುದೂ ನಿಂತಿತು.

ಕೊನೆಯ ಹೆಜ್ಜೆಯನ್ನು ಮೊದಲು ಕಲಿಸುವುದರಿಂದ ಏನು ಲಾಭ? ಮಗು ಪ್ರತಿ ಸಲವೂ ಕೆಲಸ ಮುಗಿಸಿದ ಸಂತೋಷ ಕಾಣುತ್ತದೆ. ಮತ್ತೆ ಮಾಡುವ ಆಸೆ ಹುಟ್ಟುತ್ತದೆ. ಮತ್ತೆ ಮತ್ತೆ ಮಾಡಿದಂತೆ ಮೆದುಳು ಮತ್ತು ಬೆರಳುಗಳ ಹೊಂದಾಣಿಕೆ ಬಲವಾಗುತ್ತದೆ.

ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ ಎಂಬ ವಿಜ್ಞಾನಿಗಳು ದೊಡ್ಡವರ ಸಹಾಯ ಹೇಗಿರಬೇಕು ಎಂಬುದನ್ನು ಅಧ್ಯಯನ ಮಾಡಿ 1976ರಲ್ಲಿ ಪ್ರಕಟಿಸಿದರು. ಅವರು 3ರಿಂದ 5 ವರ್ಷದ ಮಕ್ಕಳಿಗೆ ಮರದ ತುಂಡುಗಳಿಂದ ಪಿರಮಿಡ್ ಕಟ್ಟುವ ಕೆಲಸ ಕೊಟ್ಟಿದ್ದರು. ದೊಡ್ಡವರ ಸಹಾಯವನ್ನು ಅವರು ಸಾರುವೆಗೆ ಹೋಲಿಸಿದರು. ಮನೆ ಕಟ್ಟುವಾಗ ಗಾರೆಯವರು ನಿಲ್ಲಲು ಗೋಡೆಯ ಪಕ್ಕ ಕಟ್ಟುವ ಮರಗಳೇ ಸಾರುವೆ. ಗೋಡೆ ಎದ್ದ ಮೇಲೆ ಅದನ್ನು ಬಿಚ್ಚಲೇಬೇಕಲ್ಲವೇ?

ಅಮ್ಮ ಕೈ ತೊಳೆಯುವುದನ್ನೂ ಹೀಗೆಯೇ ಕಲಿಸಿದಳು. ಮೊದಲು ಒರೆಸಿಕೊಳ್ಳುವುದು, ಆಮೇಲೆ ನೀರು ಸುರಿದುಕೊಳ್ಳುವುದು, ಕೊನೆಗೆ ಸೋಪು ಹಚ್ಚಿ ಉಜ್ಜುವುದು. ನಮ್ಮ ಮನೆಯಲ್ಲಿ ಇದು ಬಹಳ ಮುಖ್ಯವಾಗಿತ್ತು. ಹಾಲುತೊಂಡೆ ಎಂಬ ರೋಗ ವೈರಸ್‌ನಿಂದ ಬರುತ್ತದೆ. ರೋಗದ ಹುಳುವಿನ ದ್ರವ ಕೈಗೆ ತಗುಲಿ, ಆ ಕೈ ಸೊಪ್ಪು ಮುಟ್ಟಿದರೆ ಉಳಿದ ಹುಳುಗಳಿಗೂ ಹರಡುತ್ತದೆ. ಬೆಳೆಯೇ ಹೋಗಬಹುದು. ನಮ್ಮ ಹೊಟ್ಟೆಗೆ ರೋಗ ತರುವ ಸೂಕ್ಷ್ಮಜೀವಿಗಳೂ ಕೊಳೆಯಾದ ಕೈಯಿಂದ ಊಟದ ತಟ್ಟೆಗೆ ಬರುತ್ತವೆ. ಕನಿಷ್ಠ 20 ಸೆಕೆಂಡು ಉಜ್ಜಬೇಕು. ತಮ್ಮ ಒಂದರಿಂದ ಇಪ್ಪತ್ತರವರೆಗೆ ಎಣಿಸಲು ಕಲಿತದ್ದು ಹೀಗೆ, ಬಚ್ಚಲಲ್ಲಿ!

ಮಾಡಿ ನೋಡಿ: ಮನೆಯ ಚಿಕ್ಕ ಮಗುವಿಗೆ ಒಂದು ಕೆಲಸ ಆರಿಸಿ. ಚಪ್ಪಲಿ ಹಾಕಿಕೊಳ್ಳುವುದು, ಟವೆಲ್ ಮಡಿಸುವುದು, ಯಾವುದಾದರೂ ಸರಿ. ಅದನ್ನು ನಾಲ್ಕೈದು ಹೆಜ್ಜೆಯಾಗಿ ಬರೆದುಕೊಳ್ಳಿ. ಕೊನೆಯ ಹೆಜ್ಜೆಯನ್ನು ಮಗುವಿಗೆ ಬಿಡಿ. ತಡವಾದರೆ ಕಾಯಿರಿ, ನಗಬೇಡಿ. ಎಷ್ಟನೆಯ ದಿನ ಎಷ್ಟು ಹೆಜ್ಜೆ ತಾನೇ ಮಾಡಿತು ಎಂದು ಬರೆದಿಡಿ. ಆ ಪಟ್ಟಿಯನ್ನು ಅಪ್ಪ-ಅಮ್ಮನಿಗೂ ತೋರಿಸಿ.