ಮೆದುವಾದದ್ದೆಲ್ಲ ಸಡಿಲವಲ್ಲ

ಮನೆಯಲ್ಲಿ ಹರೆಯದ ಮಗನಿದ್ದರೆ ಅಂಗಳದಲ್ಲಿ ನಿಂತ ಹಳೆಯ ಕಾರಿಗೂ ಹರೆಯ ಬಂದುಬಿಡುತ್ತದೆ. ಸಂತೆಕಲ್ಲೂರಿನ ನಮ್ಮ ಮನೆಯ ಮುಂದೆ ಬೇವಿನ ಮರದ ನೆರಳಿನಲ್ಲಿ ನಿಲ್ಲುವ ಮಾರುತಿ ಝೆನ್ ಕಾರಿನ ಕಥೆಯೂ ಅದೇ. ಈ ಮಾದರಿ ನಮ್ಮ ದೇಶದ ಪೇಟೆಗೆ ಬಂದದ್ದು 1993ರಲ್ಲಿ, ಅದರ ತಯಾರಿಕೆ ನಿಂತದ್ದು 2006ರಲ್ಲಿ. ನಮ್ಮದು ಕೊನೆಯ ವರ್ಷಗಳದ್ದು, ಅದೂ ಇನ್ನೊಬ್ಬರು ಓಡಿಸಿ ಬಿಟ್ಟದ್ದು. 993 ಸಿಸಿಯ ಪುಟ್ಟ ಎಂಜಿನ್, ಹಗುರವಾದ ಮೈ. ಕಾಲು ಒತ್ತಿದರೆ ಆಡಿನ ಮರಿಯಂತೆ ಜಿಗಿಯುತ್ತದೆ. ನಾನು ಓಡಿಸುವಾಗ ಅದು ಮಾಸ್ತರರ ಕಾರು. ಮಗ ಕೂತರೆ ಸಾಕು, ರೇಸಿನ ಕಾರು!

ಹದಿನೆಂಟು ತುಂಬಿ ಲೈಸೆನ್ಸ್ ಕೈಗೆ ಬಂದ ಮೇಲೆ ಅವನು ದಿನಾಲೂ ಅದರಲ್ಲೇ ಲಿಂಗಸುಗೂರಿನ ಕಾಲೇಜಿಗೆ ಹೋಗಿಬರುತ್ತಾನೆ. ಪಿಯುಸಿ ಓದುವ ಮಗಳೂ ಅಣ್ಣನ ಜೊತೆಗೇ ಹೋಗುತ್ತಾಳೆ. ಸಂಜೆ ಆರು ದಾಟಿದರೆ ಅವರವ್ವ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ನಾನು ಒಳಗೆ ಕೂತು ಪೇಪರು ಓದುತ್ತಿರುವಂತೆ ನಟಿಸುತ್ತೇನೆ. ಹೆತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕಾರಿನ ಮುಂಭಾಗದಲ್ಲಿ ಸದ್ದು ಶುರುವಾಯಿತು. ತಗ್ಗು ಬಂದಾಗ 'ಟಕ್', ತಿರುವಿನಲ್ಲಿ ಮತ್ತೊಮ್ಮೆ 'ಟಕ್'. ನಮ್ಮ ಭಾಗದ್ದು ಎರೆಭೂಮಿ. ಮಳೆ ಬಿದ್ದಾಗ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮೇಲಿನ ಡಾಂಬರು ಅದರ ಜೊತೆ ಕುಣಿಯಲೇಬೇಕು. ತುಂಗಭದ್ರೆಯ ಎಡದಂಡೆ ಕಾಲುವೆಯ ಭತ್ತದ ಸೀಮೆಗೆ ಇಳಿದರೆ, ಕೆಸರುಗದ್ದೆಯಿಂದ ಕಬ್ಬಿಣದ ಗಾಲಿಯ ಸಮೇತ ರಸ್ತೆಗೆ ಹತ್ತುವ ಟ್ರ್ಯಾಕ್ಟರುಗಳು ಉಳಿದ ಡಾಂಬರನ್ನೂ ಕೆತ್ತಿಬಿಡುತ್ತವೆ. ಹೀಗಾಗಿ ಸದ್ದು ಬಂದರೆ ಆಶ್ಚರ್ಯಪಡುವ ಹಾಗಿರಲಿಲ್ಲ.

ಒಂದು ರಾತ್ರಿ ಊಟಕ್ಕೆ ಕೂತಾಗ ಮಗ ಮಾತು ತೆಗೆದ.

"ಅಪ್ಪಾ, ಸ್ಟೇರಿಂಗ್ ರ‍್ಯಾಕಿನ ಬುಶ್ ಹೋಗ್ಯಾವ. ಈ ಸಲ ರಬ್ಬರ್ ಬ್ಯಾಡ, ಪಾಲಿಯುರಿಥೇನ್ ಹಾಕಿಸೋಣು. ರೇಸ್ ಗಾಡಿಗೆಲ್ಲ ಅಂಥಾದ್ದ ಹಾಕ್ತಾರ."

'ರೇಸ್' ಎಂಬ ಒಂದೇ ಮಾತಿಗೆ ನನ್ನ ಕಿವಿ ಮುಚ್ಚಿಕೊಂಡವು. "ನೀ ಕಾಲೇಜಿಗೆ ಹೊಂಟೀಯೋ, ರೇಸಿಗೆ ಹೊಂಟೀಯೋ?" ಎಂದೆ. ಅವನು ತಾಟಿನಲ್ಲಿ ಕೈ ತೊಳೆದು ಎದ್ದುಹೋದ. ಅರ್ಧ ರೊಟ್ಟಿ ಹಾಗೇ ಉಳಿಯಿತು.

ವಿಷಯ ನಿಜಕ್ಕೂ ಏನೆಂದು ತಿಳಿದದ್ದು ಮರುದಿನ, ಮಗಳಿಂದ. ಹದಿನೈದು ದಿನಗಳ ಹಿಂದೆ ಕಾಲೇಜಿನಿಂದ ಬರುವಾಗ ಮಬ್ಬುಗತ್ತಲಲ್ಲಿ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಒಂದು ದಿಢೀರನೆ ಎದುರಾಗಿದೆ. ಅಣ್ಣ ಸ್ಟೇರಿಂಗ್ ತಿರುಗಿಸಿದ್ದಾನೆ. ಕಾರು ಒಂದು ಕ್ಷಣ ತಡಮಾಡಿ ತಿರುಗಿದೆ. ಟ್ರೇಲರಿನ ಮೂಲೆಗೂ ಇವಳು ಕೂತಿದ್ದ ಬಾಗಿಲಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತಂತೆ. "ಅಣ್ಣ ಹೇಳಬ್ಯಾಡ ಅಂದಿದ್ದ ಅಪ್ಪಾ. ಆವತ್ತಿನಿಂದ ಅಂವಾ ಭಾಳ ಸಾವಕಾಶ ಹೊಡಿತಾನ" ಎಂದಳು.

ನಾನು ಸುಮ್ಮನೆ ಕೂತೆ. ಇಪ್ಪತ್ತೈದು ವರ್ಷ ವಿಜ್ಞಾನ ಕಲಿಸಿದವನು ನಾನು. 'ಯಾಕೆ?' ಎಂದು ಕೇಳದೆ ಉತ್ತರ ಬರೆಯಬೇಡಿ ಎಂದು ಮಕ್ಕಳಿಗೆ ಹೇಳುತ್ತ ಬಂದವನು. ನನ್ನ ಮಗನಿಗೆ ಮಾತ್ರ ಆ ಒಂದು ಪ್ರಶ್ನೆ ಕೇಳಿರಲಿಲ್ಲ.

ಆ ಭಾನುವಾರ ಮೂವರೂ ಮಸ್ಕಿ ದಾಟಿ ಸಿಂಧನೂರಿಗೆ ಹೋದೆವು, ಬಲು ನಿಧಾನವಾಗಿ. ಅಲ್ಲಿ ನನಗೆ ಪರಿಚಯದ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಮಗನ ಬೇಡಿಕೆ ಕೇಳಿ ಅವರು ನಕ್ಕು, "ಸಾಮಾನು ಆಮ್ಯಾಲೆ ಆರಿಸೋಣ್ರಿ ಸರ್, ಮೊದಲ ರೋಗ ನೋಡೋಣ" ಎಂದರು.

ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ವಿದ್ಯಾರ್ಥಿಗಳು ಕ್ಷಮಿಸಬೇಕು. ಸ್ಟೇರಿಂಗಿನ ದಂಡದ ಕೆಳತುದಿಯಲ್ಲಿ ಪಿನಿಯನ್ ಎಂಬ ಪುಟ್ಟ ಹಲ್ಲುಗಾಲಿ ಇರುತ್ತದೆ. ಅದು ರ‍್ಯಾಕ್ ಎಂಬ ಉದ್ದನೆಯ ಹಲ್ಲಿನ ಸಲಾಕೆಯನ್ನು ಎಡಕ್ಕೆ ಬಲಕ್ಕೆ ಸರಿಸುತ್ತದೆ. ಸಲಾಕೆಯ ಎರಡೂ ತುದಿಗಳಿಂದ ಹೊರಟ ಟೈ ರಾಡುಗಳು ಗಾಲಿಗಳನ್ನು ತಿರುಗಿಸುತ್ತವೆ. ಸಲಾಕೆ ಇರುವುದು ಕೊಳವೆಯಂಥ ಒಂದು ಕವಚದೊಳಗೆ. ಆ ಕವಚವನ್ನು ಕಾರಿನ ಮೈಗೆ ಪಟ್ಟಿಗಳಿಂದ ಬಿಗಿದಿರುತ್ತಾರೆ. ಪಟ್ಟಿಗೂ ಕವಚಕ್ಕೂ ನಡುವೆ ಇರುವ ರಬ್ಬರಿನ ತುಂಡೇ ನಮ್ಮ ಕಥಾನಾಯಕ, ಬುಶ್. ಕವಚದ ಒಳಗೆ ಸಲಾಕೆ ಜಾರಲು ಇನ್ನೊಂದು ಬುಶ್ ಇರುತ್ತದೆ, ಅದು ಬೇರೆ. ಅಂಗಡಿಯಲ್ಲಿ ಬರೀ 'ರ‍್ಯಾಕ್ ಬುಶ್' ಎಂದರೆ ಯಾವುದನ್ನಾದರೂ ಕೊಟ್ಟಾರು, ಎಚ್ಚರ.

ಹೊರಗಿನ ಈ ರಬ್ಬರು ಸವೆದರೆ ಏನಾಗುತ್ತದೆ? ಬಾವಿಯಿಂದ ಕೊಡ ಎಳೆಯುವವರ ಕಾಲಡಿಯ ಕಲ್ಲು ಅಲುಗಿದರೆ ಏನಾಗುತ್ತದೋ ಅದೇ. ಕೈ ಹಾಕಿದ ಬಲ ಮೊದಲು ಆ ಅಲುಗಾಟಕ್ಕೆ ಖರ್ಚಾಗುತ್ತದೆ. ಸ್ಟೇರಿಂಗ್ ತಿರುಗಿಸಿದಾಗ ಮೊದಲು ಕವಚವೇ ಸರಿದು, ಆಮೇಲೆ ಗಾಲಿ ತಿರುಗುತ್ತದೆ. ಮಗ ಹೇಳಿದ 'ತಡ' ಇದೇ.

ಮಿಸ್ತ್ರಿ ಗುಂಡಿಯೊಳಗೆ ಇಳಿದರು. ಮಗನನ್ನು ಮೇಲೆ ಕೂಡಿಸಿ ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪವೇ ಎಡಬಲ ಆಡಿಸಲು ಹೇಳಿ, ನನ್ನನ್ನೂ ಕೆಳಗೆ ಕರೆದರು. ಬ್ಯಾಟರಿ ಬೆಳಕಿನಲ್ಲಿ ನೋಡಿದರೆ ಕವಚ ಉಗುರಿನಗಲ ಅತ್ತಿತ್ತ ಸರಿಯುತ್ತಿತ್ತು. ಪಟ್ಟಿ ಬಿಚ್ಚಿದಾಗ ಇನ್ನೊಂದು ಸಂಗತಿ ಬಯಲಾಯಿತು. ಹಿಂದೆ ಯಾರೋ ಸವೆದ ಬುಶ್ಶಿನ ಸುತ್ತ ಸೈಕಲ್ ಟ್ಯೂಬಿನ ತುಂಡು ಸುತ್ತಿ ಬಿಗಿದಿದ್ದರು! ಎಂಜಿನ್ನಿನಿಂದ ಸೋರಿದ ಎಣ್ಣೆ ಕುಡಿದು ಆ ರಬ್ಬರು ಊದಿಕೊಂಡಿತ್ತು, ಹಿಸುಕಿದರೆ ಹಳೆಯ ಬೆಲ್ಲದಂತೆ ಕೈಗೆ ಅಂಟುತ್ತಿತ್ತು.

"ಹಂಗಾರ ನಾ ಹೇಳಿದ್ದ ಖರೆ ಆತಲ್ಲ?" ಎಂದ ಮಗ. "ಅರ್ಧ ಖರೆ" ಎಂದರು ಮಿಸ್ತ್ರಿ. ಜಾಕ್ ಹಾಕಿ ಮುಂಭಾಗ ಎತ್ತಿ, ಕೆಳಗೆ ಭದ್ರವಾದ ಊರೆ ಕೊಟ್ಟು, ಎಡಗಾಲಿಯನ್ನು ಎರಡೂ ಪಕ್ಕ ಹಿಡಿದು ಅಲುಗಿಸಿದರು. 'ಟಕ್' ಎಂದಿತು. ಅದು ಬುಶ್ಶಿನ ಸದ್ದಲ್ಲ. ಟೈ ರಾಡಿನ ತುದಿಯ ಗುಂಡುಕೀಲು ಸವೆದಿತ್ತು. ಬುಶ್ ಹೋದರೆ ಸ್ಟೇರಿಂಗ್ ತಡವಾಗುತ್ತದೆ. ಈ ಕೀಲು ಕಳಚಿಕೊಂಡರೆ ಆ ಗಾಲಿ ಯಾರ ಮಾತನ್ನೂ ಕೇಳುವುದಿಲ್ಲ. ನಾವಿಬ್ಬರೂ ಯಾವ ಬುಶ್ ಎಂದು ಜಗಳವಾಡಿ ಒಂದನ್ನು ಹಾಕಿಸಿಕೊಂಡು ಹೋಗಿದ್ದರೆ, ಆ ಕೀಲು ಹಾಗೇ ಉಳಿಯುತ್ತಿತ್ತು.

ಇನ್ನು ಆಯ್ಕೆಯ ಮಾತು. ನಮ್ಮ ಮುಂದೆ ಮೂರು ದಾರಿಗಳಿದ್ದವು: ಕಂಪನಿಯ ಅಳತೆಯ ರಬ್ಬರು, ಪಾಲಿಯುರಿಥೇನ್, ಇಲ್ಲವೇ ಲೇತಿನ ಅಂಗಡಿಯಲ್ಲಿ ನೈಲಾನನ್ನೋ ಅಲ್ಯೂಮಿನಿಯಮ್ಮನ್ನೋ ಕಡೆಸಿ ಹಾಕುವುದು.

ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡುವ ವಿದ್ಯೆಗೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದರು. ಪಾಲಿಯುರಿಥೇನ್ ಅದಕ್ಕಿಂತ ಬಹಳ ಚಿಕ್ಕದು. ಜರ್ಮನಿಯ ಓಟ್ಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ಅದರ ರಸಾಯನವನ್ನು ಕಂಡುಕೊಂಡರು. ಇಂಥ ವಸ್ತುಗಳ ಗಡಸುತನವನ್ನು 'ಶೋರ್' ಎಂಬ ಅಳತೆಯಲ್ಲಿ ಹೇಳುತ್ತಾರೆ. ಅದರ 'ಎ' ಮಾಪಕದಲ್ಲಿ ಬುಶ್ಶಿನ ರಬ್ಬರು ಸಾಮಾನ್ಯವಾಗಿ 50ರಿಂದ 70ರ ಆಸುಪಾಸು, ಪಾಲಿಯುರಿಥೇನ್ 80ರಿಂದ 95ರ ಆಸುಪಾಸು ಬರುತ್ತದೆ. ಎಣ್ಣೆ ಬಿದ್ದರೂ ಪಾಲಿಯುರಿಥೇನ್ ಸುಲಭಕ್ಕೆ ಕೆಡುವುದಿಲ್ಲ. ಸ್ಟೇರಿಂಗ್ ತಿರುಗಿಸಿದ ಕೂಡಲೇ ಗಾಲಿ ತಿರುಗುತ್ತದೆ. ಮಗ ಓದಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆದರೆ ಗಡಸಾದದ್ದು ಕೈಯ ಮಾತನ್ನು ಗಾಲಿಗೆ ಎಷ್ಟು ಬೇಗ ಮುಟ್ಟಿಸುತ್ತದೋ, ರಸ್ತೆಯ ಏಟನ್ನೂ ಅಷ್ಟೇ ಬೇಗ ಕೈಗೆ ಮುಟ್ಟಿಸುತ್ತದೆ. ನಡುವೆ ಸಿಕ್ಕ ರ‍್ಯಾಕಿನ ಹಲ್ಲು, ಟೈ ರಾಡಿನ ಕೀಲು, ಪಟ್ಟಿಯ ಬೋಲ್ಟು ಎಲ್ಲಕ್ಕೂ ಪಾಲು ಕೊಡುತ್ತದೆ. ನುಣ್ಣನೆಯ ಹೆದ್ದಾರಿಯಲ್ಲಿ, ಕಾರಿನ ಕೀಲೆಲ್ಲ ಗಟ್ಟಿ ಇದ್ದವರಿಗೆ ಪಾಲಿಯುರಿಥೇನ್ ಒಪ್ಪೀತು. ಅಲ್ಯೂಮಿನಿಯಂ ಏನಿದ್ದರೂ ರೇಸಿನ ಮೈದಾನಕ್ಕೆ. ಲೇತಿನಲ್ಲಿ ಕಡೆದ ನೈಲಾನ್ ಕಣ್ಣಿಗೆ ಚೆಂದ ಕಂಡರೂ, ಅಳತೆ ಕೂದಲೆಳೆಯಷ್ಟು ತಪ್ಪಿದರೆ ಸಡಿಲ ಮತ್ತೆ ಶುರು. ಅದಕ್ಕೆ ಏಟು ನುಂಗುವ ಗುಣವೂ ಕಡಿಮೆ.

ಮಗನ ಮುಖ ಇನ್ನೂ ಬಿಗಿದೇ ಇತ್ತು. ಆಗ ಮಿಸ್ತ್ರಿ ಕೇಳಿದರು, "ನಮ್ಮೂರಾಗ ರೈಸ್ ಮಿಲ್ ಇಷ್ಟದಾವ, ಒಳಗ ಹೋಗಿ ನೋಡೀಯೇನಪಾ? ಭತ್ತದ ಸಿಪ್ಪಿ ಬಿಡಸೋ ರೋಲು ಯಾತರದ್ದು?"

"ರಬ್ಬರಿಂದು."

"ಕಬ್ಬಿಣದ್ದು ಯಾಕ ಹಾಕಂಗಿಲ್ಲ? ಅದು ಸವಿಯಂಗಿಲ್ಲಲ್ಲ!"

ಮಗ ಒಂದು ಕ್ಷಣ ಯೋಚಿಸಿ, "ಅಕ್ಕಿ ನುಚ್ಚಾಗತೈತಿ" ಎಂದ. ಹೇಳಿದವನೇ ನಕ್ಕುಬಿಟ್ಟ. ಗಿರಣಿಯಲ್ಲಿ ಎರಡು ರಬ್ಬರ್ ರೋಲುಗಳು ಬೇರೆ ಬೇರೆ ವೇಗದಲ್ಲಿ ಎದುರುಬದುರು ತಿರುಗುತ್ತವೆ. ನಡುವೆ ಸಿಕ್ಕ ಭತ್ತದ ಹೊಟ್ಟು ಉಜ್ಜಿ ಬಿಡುತ್ತದೆ, ಕಾಳು ಉಳಿಯುತ್ತದೆ. ರಬ್ಬರು ಸವೆಯುತ್ತದೆ, ಬದಲಿಸುತ್ತಾರೆ. ತಾನು ಸವೆದು ಕಾಳನ್ನು ಉಳಿಸುವುದೇ ಅದರ ಕೆಲಸ. ಬುಶ್ಶಿನದೂ ಹಾಗೆಯೇ. ಒಳ್ಳೆಯ ರಬ್ಬರು ಮೆದು, ಆದರೆ ಒತ್ತಿದಷ್ಟೇ ಬಗ್ಗಿ ತನ್ನ ಜಾಗಕ್ಕೆ ಮರಳುತ್ತದೆ. ಸವೆದದ್ದು ಸಡಿಲ, ಅದು ಮರಳುವುದಿಲ್ಲ. ನಾವು ಕಳೆದುಕೊಳ್ಳಬೇಕಾದದ್ದು ಸಡಿಲವನ್ನು, ಮೆದುತನವನ್ನಲ್ಲ.

"ರಬ್ಬರ್ ಇರ‍್ಲಿ ಅಪ್ಪಾ" ಎಂದ ಮಗ, ತಾನಾಗಿಯೇ.

ಕೊಳ್ಳುವಾಗ ಮಿಸ್ತ್ರಿ ಹೇಳಿಕೊಟ್ಟದ್ದನ್ನು ಬರೆದಿಡುತ್ತೇನೆ, ಯಾರಿಗಾದರೂ ಬೇಕಾದೀತು. ಕಾರಿನ ಮಾದರಿ, ವರ್ಷ, ಪವರ್ ಸ್ಟೇರಿಂಗ್ ಇದೆಯೋ ಇಲ್ಲವೋ ಎಂಬುದನ್ನು ಹೇಳಿಯೇ ಕೇಳಬೇಕು. ಹಳೆಯದನ್ನು ಕೈಯಲ್ಲಿ ಹಿಡಿದು ಹೋಗುವುದು ಇನ್ನೂ ಒಳ್ಳೆಯದು. ರಬ್ಬರು ಅಂಗಡಿಯ ಕಪಾಟಿನಲ್ಲಿ ಕೂತಲ್ಲೇ ಮುಪ್ಪಾಗುತ್ತದೆ. ಬೆರಳಲ್ಲಿ ಬಗ್ಗಿಸಿ ನೋಡಿ, ಕೂದಲಿನಂಥ ಬಿರುಕು ಕಂಡರೆ ಬೇಡ ಎನ್ನಿ. ಒಂದು ಪಕ್ಕದ್ದು ಮಾತ್ರ ಬದಲಿಸಬೇಡಿ. ಎಣ್ಣೆ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಇಲ್ಲವಾದರೆ ಹೊಸದಕ್ಕೂ ಅದೇ ಗತಿ. ಕೂಡಿಸುವಾಗ ಗ್ರೀಸ್ ಹಚ್ಚಬೇಡಿ. ಸೋಪಿನ ನೀರು ಸಾಕು. ಬೋಲ್ಟುಗಳನ್ನು ತೋಳಿನ ಬಲದಿಂದಲ್ಲ, ಕಂಪನಿ ಹೇಳಿದ ಅಳತೆಗೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಬೇಕು. ಕೊನೆಗೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.

ನಾವು ಎರಡೂ ಪಕ್ಕದ ಬುಶ್, ಎರಡೂ ಟೈ ರಾಡಿನ ತುದಿ ಬದಲಿಸಿ, ಎಣ್ಣೆಯ ಸೋರಿಕೆ ನಿಲ್ಲಿಸಿ, ಅಲೈನ್‌ಮೆಂಟ್ ಮುಗಿಸುವ ಹೊತ್ತಿಗೆ ಹೊತ್ತು ಇಳಿದಿತ್ತು. ಇಡೀ ಲೆಕ್ಕದಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯದು ಆ ಬುಶ್ಶೇ.

ಬರುವಾಗ ಮಗನೇ ಓಡಿಸಿದ. ನಾನು ಪಕ್ಕದಲ್ಲಿ ಕೂತೆ. ಮಸ್ಕಿ ದಾಟಿದ ಮೇಲೆ ನಾನು ಕೇಳಿದೆ: "ಆವತ್ತು ಟ್ರೇಲರ್ ಅಡ್ಡ ಬಂದಾಗ ಭಾಳ ಹೆದರಿದ್ದೇನೋ?"

ಅವನು ಕನ್ನಡಿಯಲ್ಲಿ ತಂಗಿಯ ಕಡೆ ಒಮ್ಮೆ ಕಣ್ಣು ಬಿಟ್ಟ. ಆಮೇಲೆ ರಸ್ತೆ ನೋಡುತ್ತಲೇ, "ಹೂಂ ಅಪ್ಪಾ" ಎಂದ. "ಹೇಳಿದ್ರ ನೀ ಬೈದು, ಗಾಡಿ ಕೀಲಿ ಕಸಗೋತಿ ಅನ್ಕೊಂಡೆ."

ಕಸಿದುಕೊಳ್ಳುತ್ತಿದ್ದೆನೋ ಏನೋ. ಇಲ್ಲ ಎಂದು ಹೇಳಲು ನನ್ನ ಬಾಯಿ ಬರಲಿಲ್ಲ. "ಇನ್ನ ಮ್ಯಾಲೆ ಏನಾದ್ರೂ ಆದ್ರ ಮೊದಲ ನನಗ ಹೇಳು. ಬೈಯೂದು ಆಮ್ಯಾಲೆ" ಎಂದೆ. ಹಿಂದಿನ ಸೀಟಿನಲ್ಲಿ ಮಗಳು ಕಿಸಕ್ಕನೆ ನಕ್ಕಳು.

ಮುಂದೆ ಒಂದು ತಗ್ಗು ಬಂತು. ಮಗ ಮೊದಲೇ ಕಾಲು ತೆಗೆದು ನಿಧಾನ ಮಾಡಿದ. ಕಾರು ಇಳಿದು ಹತ್ತಿತು, ಸದ್ದಿರಲಿಲ್ಲ. ಮನೆ ಮುಂದೆ ಅವರವ್ವ ಬಾಗಿಲಲ್ಲೇ ನಿಂತಿದ್ದಳು.

ಸೈಕಲ್ ಟ್ಯೂಬು ಸುತ್ತಿದ ಆ ಹಳೆಯ ಬುಶ್ ಈಗ ನನ್ನ ಶಾಲೆಯ ಮೇಜಿನ ಮೇಲಿದೆ. ಹತ್ತನೆಯ ತರಗತಿಯ ಮಕ್ಕಳು ಅದನ್ನು ಹಿಸುಕಿ ನೋಡಿ, "ಏನ್ರಿ ಸರ್ ಇದು?" ಎಂದು ಕೇಳುತ್ತಾರೆ. "ನನಗೆ ಪಾಠ ಕಲಿಸಿದ್ದು" ಎನ್ನುತ್ತೇನೆ.