ಗಾಳಿ ಎಷ್ಟು, ಪೆಟ್ರೋಲ್ ಎಷ್ಟು

ಕುರೆಕುಪ್ಪಕ್ಕೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಬಣ್ಣ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಚಿಮಣಿಗಳೇನಿದ್ದರೂ ಆಮೇಲೆ. ರಸ್ತೆ, ಜಾಲಿಗಿಡ, ಅಂಗಡಿಯ ಬೋರ್ಡು, ಎಮ್ಮೆಯ ಬೆನ್ನು, ಒಣಹಾಕಿದ ಬಿಳಿ ಪಂಚೆ, ಎಲ್ಲದರ ಮೇಲೂ ಅದಿರಿನ ಕೆಂಪು ಕೂತಿರುತ್ತದೆ. ಈ ಧೂಳು ನಮ್ಮ ಎದೆಗೆ ಏನು ಮಾಡುತ್ತದೆ ಅಂತ ಎಲ್ಲರೂ ಮಾತಾಡುತ್ತಾರೆ, ಆಡಲೇಬೇಕು. ಹಳೆಯ ಟೂ-ಸ್ಟ್ರೋಕ್ ಗಾಡಿಯ ಎದೆಗೆ ಏನು ಮಾಡುತ್ತದೆ ಅನ್ನುವುದನ್ನು ಮಾತ್ರ ಯಾರೂ ಕೂತು ಮಾತಾಡಿದ ಹಾಗಿಲ್ಲ. ನಿಮಗೆ ಬಿಡುವಿದ್ದರೆ ಈಗ ಆಡೋಣ.

ಗಾಡಿ ಅಂದರೆ ಯೆಜ್ಡಿ. ನಮ್ಮ ಮಾವನವರದು, ಈಗ ನನ್ನ ಹತ್ತಿರ ಇದೆ. ಯೆಜ್ಡಿ ಅಂದ ಮೇಲೆ ಒಮ್ಮೆ ಮೈಸೂರಿಗೆ ಹೋಗಿಬರದೆ ಮುಂದಕ್ಕೆ ಹೋಗುವುದು ಹೇಗೆ? ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಬೈಕು ತಯಾರಿಸಲು ಶುರುಮಾಡಿತು. ತಾಂತ್ರಿಕತೆ ಜೆಕೊಸ್ಲೊವಾಕಿಯಾದ್ದು, ಕೈಗಳು ನಮ್ಮವರವು. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಅನ್ನುವ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮುಚ್ಚಿ ಇಷ್ಟು ವರ್ಷವಾದರೂ ಅದರ ಗಾಡಿಗಳು ಓಡುತ್ತಲೇ ಇವೆಯಲ್ಲ, ಅದಕ್ಕಿಂತ ದೊಡ್ಡ ಮಾತು ಆ ಕೆಲಸಗಾರರ ಬಗ್ಗೆ ಇನ್ನೇನು ಹೇಳಬೇಕು? ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಿಕ್ಕರನ್ನು ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್! ಇವತ್ತಿನ ಹುಡುಗರಿಗೆ ಇದನ್ನು ತೋರಿಸಿದರೆ ನಂಬುವುದಕ್ಕೇ ಒಂದಷ್ಟು ಹೊತ್ತು ಬೇಕು.

ಇದನ್ನು ಕಾಡುಮೇಡಿನ ಗಾಡಿ ಅಂತ ಕಂಪನಿಯವರು ಮಾರಿರಲಿಲ್ಲ, ನಿಜ. ಹಾಗೆ ಮಾಡಿದ್ದು ಸಂಡೂರಿನ ಗುಡ್ಡಗಳು. ದೋಣಿಮಲೆ, ದೇವಗಿರಿ, ರಾಮಘಡದ ಕಡೆಯ ಗಣಿದಾರಿಗಳಲ್ಲಿ ಡಾಂಬರು ಎಲ್ಲಿತ್ತು? ಲಾರಿ ಚಕ್ರದ ಗುಂಡಿ, ಅದಿರಿನ ಪುಡಿ, ಮಳೆ ಬಂದರೆ ಮೊಣಕಾಲುದ್ದದ ಕೆಂಪು ಕೆಸರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳ ಸದ್ದು ಒಮ್ಮೆಲೇ ಅಡಗಿತು. ಆ ದಿನಗಳಲ್ಲಿ ಗುಡ್ಡದ ಮೇಲೆ ಟೂ-ಸ್ಟ್ರೋಕಿನ ದನಿ ಎಷ್ಟು ದೂರದವರೆಗೆ ಕೇಳುತ್ತಿತ್ತು ಅನ್ನುವುದನ್ನು ಕುರಿ ಕಾಯುವವರು ಇಂದಿಗೂ ನೆನೆಯುತ್ತಾರೆ.

ಹಾಂ, ಧೂಳು. ಏರ್ ಫಿಲ್ಟರು ಕಟ್ಟಿಕೊಂಡರೆ ಗಾಳಿ ಕಡಿಮೆ, ಪೆಟ್ರೋಲು ಹೆಚ್ಚು; ಗಾಡಿ ಹೊಗೆ ಉಗುಳುತ್ತದೆ, ಪ್ಲಗ್ಗು ಕಪ್ಪಾಗುತ್ತದೆ. ಅದನ್ನು ತೊಳೆದು ಸರಿಮಾಡಬಹುದು. ಆದರೆ ಫಿಲ್ಟರು ದಾಟಿ ಒಳಹೊಕ್ಕ ಅದಿರಿನ ಪುಡಿ ಕಾರ್ಬ್ಯುರೇಟರಿನೊಳಗೆ ಮೇಲೆ ಕೆಳಗೆ ಜಾರುವ ಸ್ಲೈಡನ್ನು ವರ್ಷಗಟ್ಟಲೆ ಉಜ್ಜಿ ಉಜ್ಜಿ ತೆಳ್ಳಗೆ ಮಾಡಿಬಿಡುತ್ತದೆ. ಆಮೇಲೆ ಸಂದಿಯಲ್ಲಿ ಗಾಳಿ ನುಗ್ಗಿ, ಗಾಡಿ ನಿಂತಲ್ಲಿ ಒಮ್ಮೆ ಅರಚುತ್ತದೆ, ಒಮ್ಮೆ ಸತ್ತೇಹೋಗುತ್ತದೆ. ಮಾವನವರ ಗಾಡಿಗೆ ಆದದ್ದು ಇದೇ. ಜೆಕ್ ದೇಶದ ಯಿಕೊವ್ ಮಾದರಿಯ ಹಳೆಯ ಕಾರ್ಬ್ಯುರೇಟರು ಇನ್ನು ಸಾಕು ಅಂದಿತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಮಿಕುನಿ ಮಾದರಿಯದೊಂದು ಬಂತು. ಪೆಟ್ಟಿಗೆ ಬಿಚ್ಚಿದರೆ ಪಳಪಳ ಹೊಳೆಯಿತು. ಗಾಡಿ ರಿಪೇರಿ ಮಾಡುವ ನಮ್ಮ ಮೇಸ್ತ್ರಿ ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಅಂಗಡ್ಯಾಗಿಂದ ಬರೋದು ಬರೇ ಡಬ್ಬಿ ರೀ. ಕಾರ್ಬೇಟರ್ ಆಗೋದು ಇಲ್ಲಿ ಬಂದ ಮ್ಯಾಲ" ಅಂದರು. ಈ ಮಾತನ್ನು ನಾನು ಮರೆತಿಲ್ಲ.

ಕಾರ್ಬ್ಯುರೇಟರು ಮಾಡುವ ಕೆಲಸ ಎಷ್ಟು ಸರಳ, ಎಷ್ಟು ಸೊಗಸು ನೋಡಿ. ಗಾಳಿ ಇಕ್ಕಟ್ಟಾದ ಕೊಳವೆಯಲ್ಲಿ ಹಾಯುವಾಗ ಅದರ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ. ಕೆಳಗಿನ ಬಟ್ಟಲಿನ ಪೆಟ್ರೋಲು ತಾನಾಗಿ ಮೇಲೆದ್ದು ಮಂಜಾಗಿ ಗಾಳಿಗೆ ಸೇರುತ್ತದೆ. 1893ರಲ್ಲಿ ಬುಡಾಪೆಸ್ಟಿನ ಡೊನಾಟ್ ಬಾಂಕಿ, ಯಾನೋಶ್ ಚೋಂಕಾ ಇಬ್ಬರೂ ಸೇರಿ ಇದಕ್ಕೆ ಪೇಟೆಂಟು ಮಾಡಿಸಿದರು. ಹೂ ಮಾರುವ ಹುಡುಗಿಯೊಬ್ಬಳು ಕೊಳವೆ ಊದಿ ಹೂಗಳ ಮೇಲೆ ನೀರು ಸಿಂಪಡಿಸುತ್ತಿದ್ದುದನ್ನು ಕಂಡು ಅವರಿಗೆ ಇದು ಹೊಳೆಯಿತೆಂದು ಕಥೆ ಹೇಳುತ್ತಾರೆ. ಕಥೆ ಕೇಳಿದಾಗಿನಿಂದ ಹೊಸಪೇಟೆ ಬಸ್ ನಿಲ್ದಾಣದ ಬಳಿ ಹಡಗಲಿ ಮಲ್ಲಿಗೆ ಮಾರುವವರು ಬೆರಳದ್ದಿ ನೀರು ಚಿಮುಕಿಸುವುದನ್ನು ನಾನು ನಿಂತು ನೋಡುತ್ತೇನೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅದರ ಪರಿಮಳಕ್ಕೆ ಸರ್ಟಿಫಿಕೇಟು ಬೇಕಿರಲಿಲ್ಲ, ಆದರೂ ಸಿಕ್ಕದ್ದು ಒಳ್ಳೆಯದೇ ಆಯಿತು. ಎಲ್ಲಿದ್ದೆ?

ಹಾಂ, ಕಾರ್ಬ್ಯುರೇಟರು ಕೂರಿಸುವುದು. ಹೊಸದರ ಬಾಯಿ ಹಳೆಯ ಜಾಗಕ್ಕೆ ಸರಿಹೊಂದದಿದ್ದರೆ ನಡುವೆ ಅಡಾಪ್ಟರ್ ಬೇಕು, ಅದರ ಎರಡೂ ಮುಖಕ್ಕೆ ಗ್ಯಾಸ್ಕೆಟ್ ಬೇಕು. ಮೇಸ್ತ್ರಿ ಗಾಜಿನ ಮೇಲೆ ಎಮರಿ ಕಾಗದ ಹರಡಿ ಅಡಾಪ್ಟರಿನ ಮುಖವನ್ನು ತಿಕ್ಕಿ ತಿಕ್ಕಿ ಸಮಮಾಡಿದರು. ಇಷ್ಟೇಕೆ ಶ್ರದ್ಧೆ ಅನ್ನುತ್ತೀರಾ? ಟೂ-ಸ್ಟ್ರೋಕಿನಲ್ಲಿ ಆಯಿಲು ಪೆಟ್ರೋಲಿನ ಜೊತೆಯಲ್ಲೇ ಒಳಗೆ ಹೋಗುತ್ತದೆ. ಸಂದಿಯಿಂದ ಗಾಳಿ ಹೆಚ್ಚು ನುಗ್ಗಿದರೆ ಪೆಟ್ರೋಲೂ ಸಾಲದು, ಆಯಿಲೂ ಸಾಲದು. ಪಿಸ್ಟನ್ ಬಿಸಿಯಾಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಎಕ್ಸಲರೇಟರ್ ಬಿಟ್ಟ ಮೇಲೂ ಇಂಜಿನ್ನು ಇಳಿಯದೆ ಮೇಲೇ ಓಡುತ್ತಿದ್ದರೆ ಮೊದಲು ಗ್ಯಾಸ್ಕೆಟ್ ನೋಡಬೇಕು, ಆಮೇಲೆ ಕ್ರ್ಯಾಂಕಿನ ಆಯಿಲ್ ಸೀಲು.

ಇನ್ನು ಟ್ಯೂನಿಂಗ್. ಗಾಡಿ ಚೆನ್ನಾಗಿ ಬಿಸಿಯಾಗಬೇಕು. ಆಗುವವರೆಗೆ ಏನು ಮಾಡುವುದು? ಬಳ್ಳಾರಿ ಸೀಮೆಯಲ್ಲಿ ಇದಕ್ಕೆ ಉತ್ತರ ಒಂದೇ: ಒಗ್ಗರಣಿ ಮಿರ್ಚಿ. ಮಂಡಕ್ಕಿ ನೆಂದು ಮೆತ್ತಗಿರಬೇಕು, ಮುದ್ದೆಯಾಗಿರಬಾರದು. ಮೇಲೆ ಪುಟಾಣಿ ಹಿಟ್ಟು ಉದುರಿಸಿರಬೇಕು. ಮಿರ್ಚಿ ಎಣ್ಣೆಯಿಂದ ಆಗಷ್ಟೇ ಎದ್ದಿರಬೇಕು. ಮೇಸ್ತ್ರಿ ತಿನ್ನುತ್ತಿದ್ದರೂ ಅವರ ಕಿವಿ ಇಂಜಿನ್ನಿನ ಹತ್ತಿರವೇ ಇತ್ತು.

ತಿಂದು ಕೈ ಒರೆಸಿಕೊಂಡು ಅವರು ಏರ್ ಸ್ಕ್ರೂ ಹಿಡಿದರು. ಪೂರ್ತಿ ಒಳಗೆ ಕೂರಿಸಿ ಒಂದೂವರೆ ಸುತ್ತು ಹೊರಗೆ, ಅಲ್ಲಿಂದ ಶುರು. ಹೊರಗೆ ತಿರುಗಿಸಿದರೆ ಗಾಳಿ ಹೆಚ್ಚು, ಒಳಗೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚು. ಎಲ್ಲಿ ಇಂಜಿನ್ನಿನ ಓಟ ತಾನಾಗಿ ಏರಿ ಸಮವಾಗುತ್ತದೋ ಅಲ್ಲಿ ನಿಲ್ಲಿಸಿ, ಐಡಲ್ ಸ್ಕ್ರೂವಿನಿಂದ ಓಟ ಇಳಿಸಬೇಕು. ಎರಡೂವರೆ ಸುತ್ತು ದಾಟಿದರೂ ಸಮವಾಗದಿದ್ದರೆ ಕಡಿಮೆ ಓಟಕ್ಕೆ ಪೆಟ್ರೋಲು ಅಳೆದು ಬಿಡುವ ಪೈಲಟ್ ಜೆಟ್ಟಿನ ತೂತು ದೊಡ್ಡದಾಯಿತು. ಒಂದು ಸುತ್ತೂ ಬೇಡ ಅಂದರೆ ಚಿಕ್ಕದಾಯಿತು. ಎಕ್ಸಲರೇಟರಿನ ನಡುಭಾಗವನ್ನು ಆಳುವುದು ಸೂಜಿ. ಅದರ ತಲೆಯ ಗೆರೆಗಳಲ್ಲಿ ಕ್ಲಿಪ್ಪನ್ನು ಒಂದು ಮೇಲೇರಿಸಿದರೆ ಸೂಜಿ ಕೆಳಗಿಳಿದು ಪೆಟ್ರೋಲು ಕಡಿಮೆಯಾಗುತ್ತದೆ. ಎಕ್ಸಲರೇಟರ್ ಪೂರ್ತಿ ತಿರುವಿದಾಗ ಮೇನ್ ಜೆಟ್ಟಿನ ಸರದಿ.

ಮೇನ್ ಜೆಟ್ ಸರಿಯಿದೆಯೇ ಎಂದು ನೋಡಲು ಗುಡ್ಡದ ಏರು ಬೇಕು. ಹಾಗಾಗಿ ಸಂಡೂರಿಗೆ ಹೊರಟೆವು, ನಾರಿಹಳ್ಳದ ಕಣಿವೆ ಹಾದು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕೆಂದು ಗಾಂಧೀಜಿ ಹೇಳಿದ್ದರೆಂಬ ಮಾತು ಇಲ್ಲಿಯವರ ಬಾಯಲ್ಲಿ ಸದಾ ಇರುತ್ತದೆ. ಮಳೆ ಬಿದ್ದ ಮೇಲಿನ ಆ ಹಸಿರನ್ನು ಕೆಂಪು ಬಂಡೆಗಳ ನಡುವೆ ಕಂಡವರು ಬೇರೆಯವರನ್ನೂ ಕರೆಯದೆ ಇರಲಾರರು. ಏರಿನಲ್ಲಿ ಪೂರ್ತಿ ತಿರುವಿ, ಅಲ್ಲೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡಬೇಕು. ಬಿಸ್ಕತ್ತಿನ ಕಂದು ಬಣ್ಣ ಇದ್ದರೆ ಸರಿ. ನಮ್ಮದು ಬಿಳುಪಿಗೆ ತಿರುಗಿತ್ತು, ಅಂದರೆ ಗಾಳಿ ಹೆಚ್ಚು.

"ಪೆಟ್ರೋಲ್ ಬ್ಯಾರೆ ಆಗೇತಲ್ರೀ ಈಗ" ಅಂದರು ಮೇಸ್ತ್ರಿ. ಹೌದು. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಬರೀ ಪೆಟ್ರೋಲು ಒಂದು ಕಿಲೋ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಈ ಮಿಶ್ರಣಕ್ಕೆ ಅಷ್ಟು ಗಾಳಿ ಬೇಡ. ಹಳೆಯ ಲೆಕ್ಕದ ಜೆಟ್ ಹಾಕಿದರೆ ಗಾಳಿಯೇ ಹೆಚ್ಚಾಗುತ್ತದೆ. ಜೊತೆಗೆ ಎಥನಾಲು ತೇವ ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ಮೈಸೂರಿನಲ್ಲಿ ಈ ಗಾಡಿ ಕಟ್ಟಿದವರು ಇದನ್ನು ಕನಸಿನಲ್ಲೂ ಎಣಿಸಿರಲಾರರು. ಅವರ ಗಾಡಿಯನ್ನು ಇವತ್ತಿನ ಪೆಟ್ರೋಲಿಗೆ ಹೊಂದಿಸುವ ಹೊಣೆ ಈಗ ಊರೂರಿನ ಮೇಸ್ತ್ರಿಗಳದು. ಮೇಸ್ತ್ರಿ ಜೇಬಿನಿಂದ ಪೊಟ್ಟಣ ತೆಗೆದು ಒಂದು ನಂಬರ್ ದೊಡ್ಡ ಜೆಟ್ ಹಾಕಿದರು, ಪೆಟ್ರೋಲ್ ಪೈಪನ್ನೂ ಹೊಸದು ಮಾಡಿದರು.

ಈಗ ಗಾಡಿ ನಿಂತಲ್ಲಿ ನಿಧಾನವಾಗಿ ಬಡಿಯುತ್ತದೆ, ಏರಿನಲ್ಲಿ ಮುಗ್ಗರಿಸುವುದಿಲ್ಲ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟಿದರೆ ಏರ್ ಸ್ಕ್ರೂ ಮತ್ತೆ ನೋಡಬೇಕಂತೆ. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಅಷ್ಟರೊಳಗೆ ಮುಂದಿನ ಬ್ರೇಕ್ ಲೈನರ್ ಬದಲಿಸಬೇಕು. ಅದರದು ಬೇರೆಯೇ ಕಥೆ, ಇನ್ನೊಮ್ಮೆ ಬನ್ನಿ, ಹೇಳುತ್ತೇನೆ.