ಗುಲ್ವಾಡಿಯಿಂದ ಮೂಡ್ಲಕಟ್ಟೆಗೆ

ಕಳೆದ ವೈಶಾಖಮಾಸದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನನ್ನು ಮುಂಬಯಿಯ ಗಾಡಿಗೆ ಹತ್ತಿಸಿ ಬರಲೆಂದು, ಅವನ ತಾಯಿಯೊಡನೆ ಗುಲ್ವಾಡಿಯಿಂದ ಮೂಡ್ಲಕಟ್ಟೆಗೆ ಹೋಗಿದ್ದೆನು. ಕುಂದಾಪುರದ ರೈಲುನಿಲ್ದಾಣವಿರುವುದು ಪೇಟೆಯಲ್ಲಲ್ಲ, ಈ ಮೂಡ್ಲಕಟ್ಟೆಯಲ್ಲಿ. ಗುಲ್ವಾಡಿಯಾದರೋ ವಾರಾಹೀತೀರದ ಸಣ್ಣ ಗ್ರಾಮ. ೧೮೯೯ರಲ್ಲಿ 'ಇಂದಿರಾಬಾಯಿ' ಕಾದಂಬರಿಯನ್ನು ರಚಿಸಿದ ಗುಲ್ವಾಡಿ ವೆಂಕಟರಾಯರ ಹೆಸರಿನೊಡನೆ ಕನ್ನಡಿಗರಿಗೆ ಪರಿಚಿತವಾದುದು.

ನಮ್ಮ ಸೀಮೆಯಲ್ಲಿ ಊರುಗಳ ಏಳುಬೀಳೆಲ್ಲವೂ ದಾರಿಯನ್ನೇ ಅನುಸರಿಸಿರುವುದು. ನಿಲ್ದಾಣದ ಸಮೀಪದ ಬಸರೂರು ವಿಜಯನಗರದ ಕಾಲದಲ್ಲಿ ಪ್ರಸಿದ್ಧವಾದ ರೇವುಪಟ್ಟಣ. ೧೬೬೫ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಅದನ್ನು ಸೂರೆಗೊಂಡನು. ಕಾಲಕ್ರಮದಲ್ಲಿ ವ್ಯಾಪಾರವು ತಪ್ಪಲು, ದೇವಾಲಯಗಳು ಉಳಿದುವು, ಪಟ್ಟಣವು ಹಳ್ಳಿಯಾಯಿತು.

ಹೊಗೆಬಂಡಿಯು ಮಂಗಳೂರನ್ನು ೧೯೦೭ರಲ್ಲಿಯೇ ಮುಟ್ಟಿತು. ಅಲ್ಲಿಂದ ಬಡಗಣ ನಮ್ಮ ಕಡೆಗೆ ಅದು ಬರುವುದಕ್ಕೆ ಹೆಚ್ಚುಕಡಮೆ ತೊಂಬತ್ತು ವರ್ಷಗಳು ಹಿಡಿದುವು; ಹೆಜ್ಜೆಹೆಜ್ಜೆಗೂ ಹೊಳೆ, ಗುಡ್ಡ! ೧೯೯೦ರಲ್ಲಿ ಕೊಂಕಣ ರೈಲ್ವೆ ನಿಗಮವು ಹುಟ್ಟಿ, ಶ್ರೀಧರನ್ ಅವರ ನೇತೃತ್ವದಲ್ಲಿ ಕೆಲಸವು ಸಾಗಿ, ೧೯೯೮ನೆಯ ಜನವರಿ ೨೬ರಂದು ಇಡಿಯ ಮಾರ್ಗವು ತೆರೆಯಿತು.

ದಾರಿ ಬಂದಿತು, ಜನರು ಹೆಚ್ಚಿದರೇ? ಖಾನೇಷುಮಾರಿಯ ಲೆಕ್ಕವನ್ನು ನೋಡೋಣ. ೨೦೦೧ರಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ ೧೧,೧೨,೨೪೩, ೨೦೧೧ರಲ್ಲಿ ೧೧,೭೭,೩೬೧. ಹತ್ತು ವರ್ಷಗಳಲ್ಲಿ ರಾಜ್ಯದ ಜನರು ನೂರಕ್ಕೆ ಹದಿನೈದಕ್ಕೂ ಮೇಲಾಗಿ ಹೆಚ್ಚಿದರೆ, ನಮ್ಮವರು ಆರರಷ್ಟೂ ಹೆಚ್ಚಲಿಲ್ಲ. ಸಾವಿರ ಗಂಡಸರಿಗೆ ೧೦೯೪ ಹೆಂಗಸರು! ಮುಂಬಯಿ, ಬೆಂಗಳೂರು, ಕೊಲ್ಲಿದೇಶಗಳೆಂದು ಗಂಡಸರು ದುಡಿಯಹೋದುದರ ಗುರುತು ಇದರಲ್ಲಿ ಕಾಣುವುದು. ನನಗೆ ಈ ಅಂಕಿಗಳು ಬೇಕಾಗಿರಲಿಲ್ಲ. ಕೆಲಸಕ್ಕೆ ಸೇರಿದ ವರ್ಷ ನಾನು ತರಗತಿಯಲ್ಲಿ ನಲವತ್ತು ಹೆಸರುಗಳನ್ನು ಕೂಗುತ್ತಿದ್ದೆನು. ನಿವೃತ್ತನಾದ ವರ್ಷ ಹನ್ನೊಂದನ್ನು.

ಅಪರಾಹ್ಣದ ಗಾಡಿಯು ಬಂದಿತು. ಅದರ ಹೆಸರು ಮತ್ಸ್ಯಗಂಧಾ. ಮಹಾಭಾರತದ ಮತ್ಸ್ಯಗಂಧೆಯು ಯಮುನೆಯಲ್ಲಿ ದೋಣಿ ನಡೆಯಿಸಿ ಜನರನ್ನು ದಾಟಿಸುತ್ತಿದ್ದವಳು. ಕಡವಿನ ದೋಣಿಗಳನ್ನೇ ನಂಬಿ ಬಾಳಿದ ನಾಡಿನ ಬಂಡಿಗೆ ಇದಕ್ಕಿಂತ ಒಪ್ಪುವ ಹೆಸರುಂಟೇ?

ತಾಯಿಯು ಹಲಸಿನ ಹಪ್ಪಳದ ಗಂಟನ್ನು ಕಿಟಕಿಯೊಳಗೆ ಕೊಟ್ಟಳು. ಬಂಡಿಯು ಕಣ್ಮರೆಯಾದ ಮೇಲೂ ಕದಲಲಿಲ್ಲ. ಬಳಿಕ ನನ್ನತ್ತ ತಿರುಗಿ ಕೇಳಿದಳು:

"ಇದೇ ಗಾಡಿ ಅಲ್ದಾ ಮಾಷ್ಟ್ರೇ, ತಿರ್ಗಿ ಬಪ್ದ್?"

"ಹೌದಮ್ಮ, ಇದೇ" ಎಂದೆನು.